ಅಪ್ಪನ ಕ್ಯಾಲ್ಕುಲೇಟರಿನಲ್ಲಿದ್ದ ಕಾಗದ

ಭಾನುವಾರ, ೧೨ನೇ ತಾರೀಖು

ಪ್ರೀತಿಯ ಅಕ್ಕನಿಗೆ ಪುಟ್ಟಿಯ ನಮಸ್ಕಾರ.

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ತಪ್ಪುಗಳೂ ಇರುತ್ತವೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳೆಂದು ಕ್ಷಮಿಸಿ ಓದು. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ನೀನು ಕಾಲೇಜಿಗೆ ಒಯ್ಯುತ್ತಿದ್ದ, ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರ್ ನೆನಪಿದೆಯಲ್ಲ? ಲಕ್ವ ಹೊಡೆದು ಅಪ್ಪನ ಮಾತು ನಿಂತ ಮೇಲೆ ಅದರಲ್ಲಿ ನಾನೊಂದು ಪ್ರೋಗ್ರಾಂ ಬರೆದೆ. ಪರದೆಯಲ್ಲಿ ಅಕ್ಷರಗಳು ಒಂದೊಂದಾಗಿ ಬರುತ್ತವೆ. ಬೇಕಾದದ್ದು ಬಂದಾಗ ಅಪ್ಪ ಹೆಬ್ಬೆರಳಿನಿಂದ ಒತ್ತಿದರೆ ಅದು ಸಾಲಿಗೆ ಸೇರುತ್ತದೆ. ಆಗ ಕ್ಯಾಲ್ಕುಲೇಟರ್ ಮಾಡುವ ಕಂಪನಿಯಲ್ಲಿ ನಮ್ಮಂಥ ಹವ್ಯಾಸಿಗಳಿಗೆ ಹೇಳಿಕೊಡಲೆಂದೇ ಒಬ್ಬರಿದ್ದರು. ನಾನು ಅಂಗಿಗಳಿಗೆ ಕಾಜಾ ಹೊಲಿಯುವ ದರ್ಜಿ ಅಂಗಡಿಯಿಂದ ಫೋನ್ ಮಾಡಿದರೆ, "ಚೌಕುಳಿ ಹಾಳೆ ತಗೊಳಮ್ಮಾ. ಕಸೂತಿ ಹಾಕೋ ಹಾಗೆ ಒಂದೊಂದೇ ಚುಕ್ಕೆ ಇಡು, ಅಕ್ಷರ ತಾನಾಗೇ ಬರುತ್ತೆ" ಎನ್ನುತ್ತಿದ್ದರು.

ಅಪ್ಪ ಮೊದಲು ಬರೆದದ್ದು "ಚಹಾ ಸಪ್ಪೆ". ನನಗೆ ನಗುವೋ ನಗು. ಆಮೇಲೆ ಮೂರು ತಿಂಗಳು ನಿನಗೆಂದೇ ಒಂದು ಕಾಗದ ಬರೆದರು. ಆರು ವರ್ಷದ ಹಿಂದೆ ನಿನ್ನ ಮದುವೆಗೂ ಬಾರದೆ, ಮಾತೂ ಬಿಟ್ಟ ಅಪ್ಪ! ನಾನು ಹತ್ತಿರ ಹೋದರೆ ಕ್ಯಾಲ್ಕುಲೇಟರನ್ನು ಬೋರಲು ಹಾಕಿಬಿಡುತ್ತಿದ್ದರು. ನಾನೂ ನೋಡಲಿಲ್ಲ.

ಅಷ್ಟರಲ್ಲಿ ಅದರ ಒತ್ತುವ ಗುಂಡಿ ಸಿಕ್ಕಿಹಾಕಿಕೊಂಡಿತು. ನಾನೇ ಕಂಪನಿಗೆ ಕಳಿಸಿದೆ. ಒಳಗಿರುವುದನ್ನು ಅಳಿಸಬೇಡಿ ಎಂದು ಒಂದು ಚೀಟಿ ಇಡಲು ತೋಚಲೇ ಇಲ್ಲ. ಅವರು ಗುಂಡಿ ಸರಿಮಾಡಿ, ಉಪಕಾರವೆಂದು ಹೊಸ ಸಾಫ್ಟ್‌ವೇರನ್ನೂ ಹಾಕಿ ಕಳಿಸಿದ್ದಾರೆ. ಅಪ್ಪ ಬರೆದದ್ದೆಲ್ಲ ಹೋಗಿದೆ. ನಾವು ಬರೆದ ಪ್ರೋಗ್ರಾಮನ್ನು ಅದು ಇನ್ನು ನಡೆಸುವುದೂ ಇಲ್ಲವಂತೆ. ನನಗೆ ಹೇಳಿಕೊಟ್ಟಿದ್ದ ಅವರಿಗೇ ಫೋನ್ ಮಾಡಿದೆ. "ಮಕ್ಕಳು ಪರೀಕ್ಷೇಲಿ ಕಾಪಿ ಹೊಡೀತಾರೆ ಅಂತ ಮೇಲಿನವರು ಮುಚ್ಚಿಸಿಬಿಟ್ರು. ಹಳೇದನ್ನ ವಾಪಸ್ ಹಾಕೋಕೂ ಬರಲ್ಲ. ನನ್ನನ್ನೇ ಬೇರೆ ಕೆಲಸಕ್ಕೆ ಹಾಕಿದಾರೆ. ನನ್ನ ಕೈಲಿ ಏನಿದೆ ಹೇಳು ತಾಯಿ?" ಎಂದರು. ಅವರ ದನಿಯೇ ಸಣ್ಣಗಾಗಿತ್ತು.

ಕ್ಯಾಲ್ಕುಲೇಟರ್ ಇನ್ನೂ ರಿಪೇರಿಯಲ್ಲಿದೆ ಎಂದು ಫೋನಿನಲ್ಲಿ ನಿನಗೆ ಹೇಳಿದ್ದು ಸುಳ್ಳು. ಬಂದು ಒಂಬತ್ತು ದಿನವಾಯಿತು. ನಿನ್ನೆಯವರೆಗೂ ಅಪ್ಪ ಒತ್ತುತ್ತಲೇ ಇದ್ದರು. ಬರೀ ಅಂಕಿಗಳು ಬರುತ್ತಿದ್ದವು. ನಾನೇ ಹಾಳೆಯಲ್ಲಿ ಅಕ್ಷರ ಬರೆದು, ಬೆರಳಿಟ್ಟು ತೋರಿಸಿ ಎಂದರೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಹಾಗಾದರೆ ನಾನು ನೋಡಿಬಿಡುತ್ತೇನಲ್ಲ!

ನಿನ್ನನ್ನು ಬಾ ಎನ್ನಲು ನನಗೆ ಯಾವ ಮುಖ? ಏನು ಮಾಡಲಿ ಅಕ್ಕಾ, ಒಂದೂ ತೋಚುತ್ತಿಲ್ಲ.

ನಿನ್ನ
ಪುಟ್ಟಿ

ವಿ.ಸೂ.: ನೋಡಲಿಲ್ಲ ಎಂದದ್ದೂ ಪೂರ್ತಿ ನಿಜವಲ್ಲ. ಅಪ್ಪ ನಿದ್ದೆಹೋಗಿದ್ದಾಗ ಮೊದಲ ಸಾಲು ಓದಿದೆ. "ದೊಡ್ಡವಳೇ, ನಿನ್ನ ಮದುವೆ ದಿನ ಎದುರು ರಸ್ತೆಯಲ್ಲಿ ನಿಂತಿದ್ದೆ" ಎಂದಿತ್ತು. ಭಯವಾಗಿ ಇಟ್ಟುಬಿಟ್ಟೆ. ಇವತ್ತು ಬೆಳಿಗ್ಗೆ ಅವರ ಉಗುರು ಕತ್ತರಿಸಿದೆ. ಒತ್ತಲು ಬೇಕೆಂದು ಹೆಬ್ಬೆರಳಿನದನ್ನು ಇಷ್ಟು ದಿನ ಮುಟ್ಟಲು ಬಿಡುತ್ತಿರಲಿಲ್ಲ. ಇವತ್ತು ತಾವೇ ಮುಂದೆ ಚಾಚಿದರು.