ಆ ಬಡಿತದ ಸದ್ದನ್ನು ನನಗೊಮ್ಮೆ ಕೇಳಿಸಿ

ಕಡಲಾಳದ ಹುಡುಕಾಟದ ಉಸ್ತುವಾರಿ ಹೊತ್ತ ಮಾನ್ಯರೇ,

ನೀವು ಒಂದು ಸದ್ದನ್ನು ಕೇಳಿದಿರಿ, ಕೇಳಿ ಬಿಟ್ಟುಬಿಟ್ಟಿರಿ. ನನ್ನ ದೂರು ಇಷ್ಟೇ. ಜಲಾಂತರ್ಗಾಮಿ ಸಂಪರ್ಕ ಕಳೆದುಕೊಂಡ ಮೂರನೆಯ ದಿನ ನೀರಿನಡಿಯಿಂದ ಲೋಹಕ್ಕೆ ಲೋಹ ಬಡಿದಂಥ ಸದ್ದು ಬಂದಿತೆಂದು ನಿಮ್ಮ ಕಚೇರಿಯೇ ಹೇಳಿತು. ನಾಲ್ಕನೆಯ ದಿನ ಅದೇ ಕಚೇರಿ, 'ಬಡಿತಗಳ ನಡುವಿನ ಅಂತರ ಸಮವಾಗಿಲ್ಲದ ಕಾರಣ ಅದು ಮನುಷ್ಯರು ಮಾಡಿದ ಸದ್ದಲ್ಲ' ಎಂದು ಪ್ರಕಟಣೆ ಕೊಟ್ಟು, ಹುಡುಕುವ ಹಡಗುಗಳನ್ನು ಬೇರೆ ದಿಕ್ಕಿಗೆ ಕಳಿಸಿತು. ಇವತ್ತು ಆರನೆಯ ದಿನ. ಆ ಜಲಾಂತರ್ಗಾಮಿಯಲ್ಲಿ ನನ್ನ ತಮ್ಮ ಅರುಣಕುಮಾರ್ ಇದ್ದಾನೆ.

ನಾನು ಹರಪನಹಳ್ಳಿಯಲ್ಲಿ ಬೋರ್‌ವೆಲ್ ಮೋಟರ್ ಇಳಿಸುವ, ಎತ್ತುವ ಕೆಲಸದವನು. ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಆಮೇಲೆ ಎರಡು ಸಲ ಹೊರಗಿನಿಂದ ಹತ್ತನೆಯ ತರಗತಿಗೆ ಕಟ್ಟಿ ಎರಡು ಸಲವೂ ಗಣಿತದಲ್ಲಿ ಬಿದ್ದವನು. ಸಮುದ್ರ ನೋಡಿದ್ದು ಒಂದೇ ಸಲ, ನನ್ನ ತಮ್ಮ ನೌಕಾಪಡೆಯ ನೌಕರಿಗೆ ಸೇರಿದಾಗ. ಇದರ ತಳ ಎಷ್ಟು ಅಡಿಗೆ ಸಿಗುತ್ತದೆ ಎಂದು ಕೇಳಿ ಅವನ ಗೆಳೆಯರನ್ನು ನಗಿಸಿದ್ದೆ. ನಾನು ಮೊದಲಿನಿಂದಲೂ ಹೆದರುವ ಪ್ರಾಣಿ. ತಮ್ಮ ಬೈಕಿನಲ್ಲಿ ಕೂಡ್ಲಿಗಿಗೆ ಹೋದರೂ ಮುಟ್ಟಿದ ಮೇಲೆ ಫೋನ್ ಮಾಡು ಎನ್ನುವವನು. ಅಂಥವನಿಗೆ ನಿಮ್ಮ ಇಲಾಖೆ ಆರು ದಿನದಿಂದ 'ಆತಂಕ ಪಡುವ ಅಗತ್ಯವಿಲ್ಲ' ಎಂಬ ಉಪದೇಶ ನೀಡುತ್ತಿದೆ. ಅಗತ್ಯ ನೋಡಿಕೊಂಡು ಆತಂಕ ಪಡುವ ವಿದ್ಯೆಯನ್ನು ಎಲ್ಲಿ ಕಲಿಸುತ್ತಾರೆ, ದಯವಿಟ್ಟು ತಿಳಿಸಿ.

ಏನಾಗಿರಬಹುದು ಎಂದು ಹೇಳುವವರಿಗೆ ಕೊರತೆಯಿಲ್ಲ. ಟಿ.ವಿ.ಯಲ್ಲಿ ಒಬ್ಬ ತಜ್ಞರು ಬ್ಯಾಟರಿ ಸಿಡಿದಿದೆ ಎಂದರು, ಕಡಲಡಿಯ ಗುಡ್ಡಕ್ಕೆ ಬಡಿದಿದೆ ಎಂದರು, ಶತ್ರುಗಳ ಕೈವಾಡ ಎಂದರು. ಮೂರನ್ನೂ ಅವರೊಬ್ಬರೇ, ಒಂದೇ ಸಂಜೆ. ನನ್ನ ಗೆಳೆಯ ಮಸ್ತಾನಸಾಬನದು ಇಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಅವನ ತೀರ್ಪು ಬೇರೆ: "ಸೀಲ್ ಹೋಗಿರಬೇಕು ಓಬಳೇಶ, ನೀರಿಳದು ಕರೆಂಟ್ ಸತ್ತೈತಿ. ಕರೆಂಟ್ ಸತ್ರ ಮೋಟರ್ ನಿಲ್ತೈತಿ, ಮಂದಿ ಸಾಯಂಗಿಲ್ಲ." ನನ್ನನ್ನು ಸಮಾಧಾನ ಮಾಡಲು ಹೇಳಿದ್ದು, ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ನಮ್ಮ ಅವ್ವ ಕೇಳಿದ್ದು ಮಾತ್ರ ಯಾವ ತಜ್ಞರಿಗೂ ಹೊಳೆಯಲಿಲ್ಲ.

"ಒಂದು ಮೋಟರ್ ಬಿಡಬೇಕಂದ್ರ ನೀನು ಪೈಪಿನ ಜತಿಗೆ ನೈಲಾನ್ ಹಗ್ಗಾನೂ ಕಟ್ಟಿ ಬಿಡ್ತಿಯಲ್ಲಪ್ಪ. ಅಷ್ಟು ಮಂದಿನ್ನ ನೀರಾಗ ಇಳಿಸ್ಯಾರ, ಒಂದು ಹಗ್ಗ ಕಟ್ಟಿದ್ದಿಲ್ಲೇನು?"

"ಸಮುದ್ರದಾಗ ಹಗ್ಗ ನಡಿಯಂಗಿಲ್ಲಬೇ," ಅಂದೆ.

"ಹಂಗಾರ ಯಾವ ಧೈರ್ಯದ ಮ್ಯಾಲ ಬಿಟ್ರು?"

ಅವ್ವನ ಈ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ.

ಈಗ ಆ ಸದ್ದಿನ ವಿಷಯ. ನೌಕರಿಗೆ ಹೋಗುವ ಮುಂಚೆ ಅರುಣ ನಾಲ್ಕು ವರ್ಷ ನನ್ನ ಜೊತೆ ಮೋಟರ್ ಎತ್ತಿದವನು. ಅವನು ಬೋರಿನ ಬಾಯಲ್ಲಿ, ನಾನು ದೂರದಲ್ಲಿ ಟ್ರ್ಯಾಕ್ಟರ್ ಮೇಲೆ. ಎಂಜಿನ್ ಗದ್ದಲದಲ್ಲಿ ಕೂಗಿದರೆ ಕೇಳಿಸದು. ಅದಕ್ಕೆ ನಟ್ಟು ತಿರುಗಿಸುವ ಕಬ್ಬಿಣದ ಪಾನದಿಂದ ಪೈಪಿಗೆ ಬಡಿಯುವುದು ನಮ್ಮ ಪದ್ಧತಿ. ಒಂದು ಪೆಟ್ಟೆಂದರೆ ನಿಲ್ಲಿಸು, ಎರಡೆಂದರೆ ಎತ್ತು. ಮೂರು ಪೆಟ್ಟು ಹೊಡೆದು, ಒಂದು ಉಸಿರಿನಷ್ಟು ಬಿಟ್ಟು, ಮತ್ತೊಂದು ಹೊಡೆದರೆ: ಸಿಕ್ಕಿಕೊಂಡಿದ್ದೇನೆ, ಬಾ. ಮಾನ್ಯರೇ, ಮೂರು, ಆಮೇಲೆ ಬಿಡುವು, ಆಮೇಲೆ ಒಂದು. ಇದರ ಅಂತರ ಸಮವಾಗಿರುತ್ತದೆಯೇ? ಗಣಿತದಲ್ಲಿ ಬಿದ್ದ ನನಗೇ ಇದು ಗೊತ್ತಾಗುತ್ತದೆ.

ಇನ್ನು ಮುಂದಿನದನ್ನು ನಾನು ನಮ್ಮ ಅವ್ವನಿಗೂ ಹೇಳಿಲ್ಲ. ಈ ಪತ್ರ ಪತ್ರಿಕೆಯಲ್ಲಿ ಅಚ್ಚಾದಾಗ ಓದಿಸಿಕೊಂಡು ತಿಳಿಯಲಿ. ಹತ್ತು ವರ್ಷದ ಹಿಂದೆ ಹಲವಾಗಲು ಎಂಬ ಊರಿನಲ್ಲಿ, ಹೊಳೆ ದಂಡೆಯ ಒಂದು ಹಳೆ ತೆರೆದ ಬಾವಿಯಲ್ಲಿ, ಹೂಳಿಗೆ ಸಿಕ್ಕ ಪೈಪು ಬಿಡಿಸಲು ಅರುಣ ಇಳಿದಿದ್ದ. ನಾನು, ಮಸ್ತಾನಸಾಬ ಮೇಲೆ ಬೇವಿನ ನೆರಳಲ್ಲಿ ಚಹಾ ಕುಡಿಯುತ್ತಿದ್ದೆವು. ಬಾವಿಯಿಂದ ಸದ್ದು ಬಂತು.

"ಲೇ, ಪೈಪು ಬಡದಂಗ ಕೇಳ್ತೈತಿ ನೋಡು," ಅಂದ ಮಸ್ತಾನಸಾಬ.

"ಗಾಳಿಗೆ ಪೈಪು ಎತ್ತೋ ಚೈನು ಬಡಿತೈತಿ ಬಿಡಪ. ಚಾ ಆರತೈತಿ, ಕುಡಿ," ಅಂದೆ.

ನಾನೇ ಕಲಿಸಿದ ಸದ್ದನ್ನು ನಾನೇ ಚೈನು ಅಂದೆ. ಯಾಕೆ ಅಂದೆ ಎಂದು ಹತ್ತು ವರ್ಷ ಯೋಚಿಸಿದ್ದೇನೆ. ಅದು ಪೈಪೇ ಆಗಿದ್ದರೆ ಎದ್ದು ಓಡಬೇಕಾಗುತ್ತದೆ, ಹೆದರಬೇಕಾಗುತ್ತದೆ. ಚೈನು ಆಗಿದ್ದರೆ ಕೂತಿರಬಹುದು. ಇದಕ್ಕಿಂತ ದೊಡ್ಡ ಕಾರಣ ಸಿಕ್ಕಿಲ್ಲ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ನಿಂತದ್ದೇ ನನ್ನನ್ನು ಎಬ್ಬಿಸಿತು. ಬಗ್ಗಿ ನೋಡಿದರೆ ಪೈಪು ಜಾರಿ ಅವನ ಕಾಲ ಮೇಲೆ ಬಿದ್ದಿತ್ತು, ರಾಡಿ ಎದೆಮಟ್ಟ ಬಂದಿತ್ತು, ಪಾನ ಕೈಜಾರಿ ಕೆಳಗೆ ಹೋಗಿತ್ತು. ಹಗ್ಗ ಇಳಿಬಿಟ್ಟು ಇಬ್ಬರೂ ಸೇರಿ ಅವನನ್ನು ಎಳೆದು ಮೇಲೆ ಹಾಕಿದೆವು. ಬಾಯೊಳಗಿನ ರಾಡಿ ಉಗುಳಿ ಅವನಾಡಿದ ಮೊದಲ ಮಾತು: "ಅಣ್ಣಾ, ಚಾ ಮುಗೀತಾ?"

ಅವನು ನಕ್ಕ, ಮಸ್ತಾನಸಾಬನೂ ನಕ್ಕ. ನನಗೆ ಈವರೆಗೂ ನಗಲು ಆಗಿಲ್ಲ.

ಆದ್ದರಿಂದ ನಿಮ್ಮ ಪ್ರಕಟಣೆ ಓದಿದಾಗ ನನಗೆ ನನ್ನದೇ ದನಿ ಕೇಳಿಸಿತು. ನೀವು ಸುಳ್ಳು ಹೇಳುತ್ತಿದ್ದೀರಿ ಎನ್ನುತ್ತಿಲ್ಲ. ನಿಮ್ಮ ಯಂತ್ರಗಳ ಮುಂದೆ ನನ್ನ ಕಿವಿ ಎಷ್ಟರದು? ಅದು ತಿಮಿಂಗಿಲವೇ ಇರಬಹುದು, ಯಾವುದೋ ಹಡಗಿನ ಸಡಿಲ ಕಬ್ಬಿಣವೇ ಇರಬಹುದು. ಅಷ್ಟು ಜನರಲ್ಲಿ ಬಡಿಯುತ್ತಿರುವವನು ನನ್ನ ತಮ್ಮನೇ ಎಂಬುದಕ್ಕೂ ಸಾಕ್ಷಿಯಿಲ್ಲ. ಆದರೆ ನೀವು ಕಲಿಸಿದ ಲೆಕ್ಕದಲ್ಲಿ ಬಡಿಯುವವನನ್ನು ಮಾತ್ರ ಮನುಷ್ಯ ಎಂದು ನೀವು ನಂಬುತ್ತಿರುವ ಹಾಗಿದೆ. ಕತ್ತಲಲ್ಲಿ, ಗಾಳಿ ಕಮ್ಮಿಯಾದಾಗ, ಮನುಷ್ಯ ತರಬೇತಿಯಲ್ಲಿ ಕಲಿತದ್ದನ್ನು ಬಡಿಯುತ್ತಾನೋ, ಅಣ್ಣನ ಹತ್ತಿರ ಕಲಿತದ್ದನ್ನೋ? ಅರುಣನ ಹೆಂಡತಿ ಅರ್ಚನಾ ನಿಮ್ಮ ಸಹಾಯವಾಣಿಗೆ ಹನ್ನೊಂದು ಸಲ ಫೋನ್ ಮಾಡಿ ಇದನ್ನೇ ವಿವರಿಸಿದಳು. ಅದು ತಾಂತ್ರಿಕ ವಿಷಯ, ಕುಟುಂಬದವರಿಗೆ ಅರ್ಥವಾಗುವುದಿಲ್ಲ ಎಂಬ ಉತ್ತರ ಹನ್ನೊಂದು ಸಲವೂ ಬಂತು. ಒಬ್ಬ ಅಧಿಕಾರಿಯಾದರೂ 'ಆ ಬಡಿತ ಹೇಗಿರುತ್ತದಮ್ಮ, ಒಮ್ಮೆ ಬಡಿದು ತೋರಿಸು' ಎನ್ನಲಿಲ್ಲ. ಅವಳು ಸೌಟು ಹಿಡಿದುಕೊಂಡೇ ಕೂತಿದ್ದಳು.

ನನಗೆ ಪರಿಹಾರ ಬೇಡ, ಸಾಂತ್ವನದ ಪತ್ರ ಬೇಡ, ಯಾರ ತಪ್ಪೆಂಬ ತನಿಖೆ ಆಮೇಲಾಗಲಿ. ಮೂರನೆಯ ದಿನದ ಆ ಸದ್ದನ್ನು ನನಗೊಮ್ಮೆ ಕೇಳಿಸಿ. ಫೋನಿನಲ್ಲಿ ಕೇಳಿಸಿದರೂ ಸಾಕು. ಬಾ ಎಂದರೆ ಸಿಕ್ಕ ಬಸ್ಸು ಹತ್ತಿ ಬರುತ್ತೇನೆ. ಮೂರು ಮತ್ತು ಒಂದು ಅಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಊರಿಗೆ ವಾಪಸಾಗುತ್ತೇನೆ. ಅದೇ ಆಗಿದ್ದರೆ ಹಡಗುಗಳನ್ನು ಅದೇ ಜಾಗಕ್ಕೆ ತಿರುಗಿಸಿ. ಅಲ್ಲಿಯವರೆಗೆ ಅಲ್ಲಿ ಒಂದು ಹಡಗನ್ನಾದರೂ ನಿಲ್ಲಿಸಿಡಿ, ಎಂಜಿನ್ ಆರಿಸಿ, ಕಿವಿಗೊಡಿ. ಸದ್ದು ನಿಂತ ಮೇಲೆ ಓಡಿದರೆ ಏನು ಸಿಗುತ್ತದೆಂದು ನೋಡಿ ಬಂದವನ ಮಾತಿದು. ಆವತ್ತು ನಮ್ಮ ಬಾವಿ ಬರೀ ಮೂವತ್ತು ಅಡಿ ಇತ್ತು.

ಅರುಣ ಮೇಲೆ ಬಂದರೆ ಮೊದಲು ಏನು ಕೇಳುತ್ತಾನೆಂದು ನನಗೆ ಗೊತ್ತು. ಈ ಸಲ ಉತ್ತರ ಕೊಡಬೇಕಾದವರು ನೀವು.

ಇಂತಿ,
ಒಮ್ಮೆ ಕೇಳಿಯೂ ಕೂತೇ ಇದ್ದವನು,
ಓಬಳೇಶ
ಮೋಟರ್ ಎತ್ತುವವನು, ಹರಪನಹಳ್ಳಿ