ಎಣಿಕೆಯಲ್ಲಿ ಹೆಚ್ಚಾದ ಒಬ್ಬ ಕೈದಿ

ಕಾರಾಗೃಹದ ಮಾನ್ಯ ಅಧೀಕ್ಷಕರೇ,

ಮೊದಲು ನನ್ನದೊಂದು ತಪ್ಪನ್ನು ತಿದ್ದಿಕೊಳ್ಳುತ್ತೇನೆ. ವಿಚಾರಣಾಧೀನ ಕೈದಿಯಾಗಿರುವ ನನ್ನ ಅಕ್ಕನ ಮಗನಿಗೆ ‘ಸುಮಾರು ಎರಡು ವಾರದಿಂದ’ ಮನೋರೋಗದ ಮಾತ್ರೆ ಸಿಕ್ಕಿಲ್ಲವೆಂದು ಕಳೆದ ವಾರ ಇದೇ ಪತ್ರಿಕೆಯಲ್ಲಿ ಬರೆದಿದ್ದೆ. ‘ಸುಮಾರು’ ಎಂಬುದು ಸೋಮಾರಿಯ ಪದ; ವಿದ್ಯಾರ್ಥಿ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದೆ. ಅಂದಿಗೆ ಹದಿನೇಳು ದಿನವಾಗಿತ್ತು, ಇಂದಿಗೆ ಇಪ್ಪತ್ತಮೂರು. ನನ್ನ ತಪ್ಪು ಇಷ್ಟೇ. ಇನ್ನು ತಮ್ಮದು. ‘ಕೈದಿಯು ಔಷಧವನ್ನು ನಿರಾಕರಿಸಿದ್ದಾನೆ’ ಎಂದು ಸ್ಪಷ್ಟೀಕರಣ ಕೊಟ್ಟಿದ್ದೀರಿ. ಕೊಡದೇ ಇದ್ದದ್ದನ್ನು ಅವನು ಹೇಗೆ ನಿರಾಕರಿಸಿದ, ದಯವಿಟ್ಟು ವಿವರಿಸುವಿರಾ?

ಅವನು ಗಡಿಯಾರ ರಿಪೇರಿ ಮಾಡುವವನು. ಎದುರಂಗಡಿಯ ಧ್ವನಿವರ್ಧಕ ದಿನವಿಡೀ ತನ್ನನ್ನೇ ಬಯ್ಯುತ್ತಿದೆಯೆಂದು ಅದನ್ನು ಒಡೆದು, ತಡೆಯಲು ಬಂದ ಅಂಗಡಿಯವರ ಕೈಗೂ ಪೆಟ್ಟು ಮಾಡಿ, ತಮ್ಮ ಅತಿಥಿಯಾದ. ಹತ್ತು ತಿಂಗಳು ಮಾತ್ರೆ ನುಂಗಿಕೊಂಡು ತೆಪ್ಪಗಿದ್ದ. ಆಮೇಲೆ ತಮ್ಮ ಕಂಪೌಂಡರ್ ರಜೆ ಹಾಕಿದರು. ಬದಲಿಗೆ ಯಾರೂ ಬರಲಿಲ್ಲ. ಐದನೆಯ ಬೆಳಿಗ್ಗೆ ಎಣಿಕೆಯ ಸಾಲಿನಲ್ಲಿ ಇವನ ಸರದಿ ಬಂದಾಗ ‘ನಲವತ್ತೊಂದು’ ಎಂದವನು, ಉಸಿರು ಬಿಡದೆ ‘ನಲವತ್ತೆರಡು’ ಎಂದೂ ಸೇರಿಸಿದ.

ಒಬ್ಬ ಕೈದಿ ಕಡಿಮೆಯಾದರೆ ಗಂಟೆ ಬಾರಿಸಬೇಕೆಂಬ ನಿಯಮ ತಮ್ಮಲ್ಲಿದೆಯಂತೆ. ಹೆಚ್ಚಾದರೆ? ಮೂರು ಸಲ ಎಣಿಸಿದಿರಿ, ಮೂರು ಸಲವೂ ಒಬ್ಬ ಹೆಚ್ಚು. ಕೊನೆಗೆ ಹೊರಗಿನಿಂದ ಯಾರೋ ನುಗ್ಗಿದ್ದಾರೆಂದು ಹಾಸಿಗೆ ಕೊಡವಿ, ಪಾಯಿಖಾನೆಯ ಬಾಗಿಲು ತೆರೆದು ಹುಡುಕಿಸಿದಿರಿ. ಸೆರೆಮನೆಗೆ ಕದ್ದು ನುಗ್ಗುವವರೂ ಇದ್ದಾರೆಂದು ನಂಬಿದವರನ್ನು ಬಿಟ್ಟು, ಪಾಪ, ಇವನೊಬ್ಬನನ್ನೇ ಬುದ್ಧಿ ಕೆಟ್ಟವನೆನ್ನುವುದೇ?

ಭೇಟಿಯ ದಿನ ಜಾಲರಿಯಾಚೆಯಿಂದ ಅವನೇ ವಿವರಿಸಿದ: “ಅಪ್ಪ ನನ್ನ ಪಕ್ಕದಲ್ಲೇ ನಿಂತಿದ್ರು ಮಾವ. ಕಿವಿ ಕೇಳ್ಸಲ್ವಲ್ಲ, ಸರದಿ ಬಂದದ್ದು ಗೊತ್ತಾಗ್ಲಿಲ್ಲ. ಅವ್ರ ನಂಬರೂ ನಾನೇ ಹೇಳ್ದೆ.” ನನ್ನ ಭಾವನಿಗೆ ಕಿವಿ ಮಂದವಿದ್ದದ್ದು ನಿಜ. ಆದರೆ ಅವರು ತೀರಿಕೊಂಡು ಆರು ವರ್ಷವಾಯಿತು.

ಎಣಿಕೆ ಕೆಡಿಸಿದ್ದಕ್ಕಾಗಿ ಅವನನ್ನು ಒಂಟಿ ಕೋಣೆಗೆ ಹಾಕಿದಿರಿ. ಕಂಪೌಂಡರ್ ರಜೆ ಮುಗಿಸಿ ಬಂದರೂ ಮಾತ್ರೆ ಬರಲಿಲ್ಲ. ಹೆಬ್ಬಾಗಿಲ ವಾರ್ಡರನ್ನು ಕೇಳಿದೆ.

“ಎಣಿಕೆ ಸಾಲಲ್ಲಿ ನಿಂತವ್ರಿಗಷ್ಟೇ ಮಾತ್ರೆ, ಮೇಷ್ಟ್ರೇ.”

“ಅವನ್ಯಾಕೆ ನಿಂತಿಲ್ಲ?”

“ಒಂಟಿ ಕೋಣೇಲಿದ್ದಾನಲ್ಲ.”

“ಅಲ್ಲಿಗ್ಯಾಕೆ ಹಾಕಿದ್ರಿ?”

“ಎಣಿಕೆ ಕೆಡಿಸ್ತಾನೆ.”

“ಯಾಕೆ ಕೆಡಿಸ್ತಾನಪ್ಪಾ?”

“ಅಯ್ಯೋ, ಮಾತ್ರೆ ತಗೊಂಡಿಲ್ವಲ್ಲ ಸಾರ್!”

ಇಷ್ಟು ದುಂಡಗಿನ ವೃತ್ತವನ್ನು ನಾನು ಕೈವಾರ ಹಿಡಿದೂ ಕಪ್ಪುಹಲಗೆಯ ಮೇಲೆ ಎಳೆದವನಲ್ಲ. ಮೂವತ್ತೊಂದು ವರ್ಷ ಹಾಜರಿ ಕರೆದಿದ್ದೇನೆ. ಬಾರದ ಗೆಳೆಯನ ಪರವಾಗಿ ದನಿ ಬದಲಿಸಿ ಓಗೊಟ್ಟವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ, ನಿಜ. ಆದರೆ ಮೈ ಸುಡುತ್ತಿದ್ದವನನ್ನು ಮೊದಲು ವೈದ್ಯರ ಬಳಿಗೆ ಕಳುಹಿಸುತ್ತಿದ್ದೆ. ಅಷ್ಟು ತಿಳಿಯಲು ಉಪಾಧ್ಯಾಯನ ಸಂಬಳ ಸಾಕಾಗಿತ್ತು.

ಮೊನ್ನೆ ಅವನು ದನಿ ತಗ್ಗಿಸಿ ಹೇಳಿದ: “ಮಾವ, ಸಾಹೇಬ್ರಿಗೆ ಒಂದ್ಮಾತು ಹೇಳಿ. ಕೋಣೆ ಇಬ್ಬರಿಗೆ ಸಾಲಲ್ಲ. ಅಪ್ಪ ರಾತ್ರಿಯೆಲ್ಲ ನಿಂತೇ ಇರ್ತಾರೆ.” ಹೊರಗೆ ಬಂದ ಮೇಲೆ ಅಕ್ಕ ಕೇಳಿದಳು, “ಏನಂದನೋ?” “ಚೆನ್ನಾಗಿದ್ದೀನಿ ಅಂದ” ಎಂದೆ. ನಿರ್ದಿಷ್ಟತೆಯ ಬಗ್ಗೆ ತಮಗೆ ಪಾಠ ಹೇಳುವವನು ಆಡಿದ ಸುಳ್ಳು ಅದು.

ಅವನು ವಿಚಾರಣೆಗೆ ಮಾನಸಿಕವಾಗಿ ಸಮರ್ಥನಲ್ಲವೆಂದು ನ್ಯಾಯಾಲಯ ಕಳೆದ ವಾರ ಮೊಕದ್ದಮೆಯನ್ನು ಮುಂದೂಡಿತು. ಮುಂದಿನ ದಿನಾಂಕ ಇದೇ ಇಪ್ಪತ್ತನಾಲ್ಕು. ಮಾತ್ರೆ ನಾಟಲು ಹತ್ತು ದಿನ ಬೇಕೆನ್ನುತ್ತಾರೆ ಅವನ ವೈದ್ಯರು. ಅಂದರೆ ತಮಗೆ ಉಳಿದಿರುವುದು ಮೂರು ದಿನ. ಕಂಪೌಂಡರ್ ಮೇಜಿನಿಂದ ಆ ಕೋಣೆಗೆ ನಲವತ್ತು ಹೆಜ್ಜೆಯಂತೆ. ಅವರಿಗೆ ಕಾಲುನೋವಿದ್ದರೆ ನನ್ನನ್ನು ಒಳಗೆ ಬಿಡಿ. ನನ್ನ ಅರವತ್ತೆಂಟರ ಮಂಡಿಗಳು ಅಷ್ಟು ದೂರ ತಡೆಯುತ್ತವೆ. ಹೊರಗಿನವರಿಗೆ ಪ್ರವೇಶವಿಲ್ಲವೆನ್ನಬೇಡಿ, ನನ್ನ ಭಾವ ಯಾವ ಚೀಟಿಯೂ ಇಲ್ಲದೆ ಒಳಗಿದ್ದಾರೆ. ಮಾತ್ರೆಯನ್ನು ಅವನ ಬಾಗಿಲಿಗೆ ಕಳುಹಿಸಿ. ಇಪ್ಪತ್ತನಾಲ್ಕರಂದು ಅವನು ನ್ಯಾಯಾಧೀಶರ ಮುಂದೆ ಒಬ್ಬನೇ ನಿಲ್ಲುವಂತಾಗಲಿ.

ಇಂತಿ,
ತಮ್ಮ ಹೆಬ್ಬಾಗಿಲ ಬೆಂಚನ್ನು ಸವೆಸುತ್ತಿರುವ
ನಿವೃತ್ತ ಉಪಾಧ್ಯಾಯ
ಮಾರ್ಚ್ ೧೧, ಮಂಗಳವಾರ, ಬೆಳಿಗ್ಗೆ ೯ ಗಂಟೆ ೪೦ ನಿಮಿಷ