ಬೀಜಕ್ಕೆ ಬಿಟ್ಟ ಹೂವು

ಅಂಗಡಿಯಿಂದ,
ಮಂಗಳವಾರ, ಗಿರಾಕಿ ಇಲ್ಲದ ಹೊತ್ತು

ಬೀಗಿತ್ತಿಯವರಿಗೆ ನಮಸ್ಕಾರ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ಕಾಗದ ಓದಿದ ಮೇಲೆ ನಾನೊಬ್ಬಳು ಸ್ವಲ್ಪ ಕಡಿಮೆ ಚೆನ್ನಾಗಿದ್ದೇನೆ.

ಮೊದಲು ಲೆಕ್ಕ ಮುಗಿಸಿಬಿಡೋಣ. ನಿಮ್ಮ ಮಗಳು ನಮ್ಮ ಗುಜರಿ ಅಂಗಳದಲ್ಲಿ ಚೆಂಡು ಹೂವು ಬೆಳೆಸಿದ್ದರಿಂದ ನನಗಾದ ಖರ್ಚು ಇದು: ಅಂಚು ಒಡೆದ ವಾಷ್‌ಬೇಸಿನ್ ಒಂದು (ಅದಕ್ಕೂ ಗಿರಾಕಿ ಇದ್ದ). ಪೇಂಟ್ ಡಬ್ಬ ಒಂದು ಸಾಲು. ನೆನೆದು ಹೋದ ಹಳೇ ಪೇಪರ್ ಒಂದು ಕಟ್ಟು. ತಕ್ಕಡಿ ಪಕ್ಕದ ಬಿಸಿಲು ಜಾಗ, ಬೆಳಗಿನ ಹೊತ್ತಿಗೆ ಮಾತ್ರ. ಇಷ್ಟಲ್ಲದೆ ಗಿರಾಕಿಗಳ ಎದುರಿಗೆ ಹೋದ ನನ್ನ ಮಾನ. ಅದನ್ನು ತೂಗುವ ಬಟ್ಟು ನನ್ನ ಹತ್ತಿರ ಇಲ್ಲದ ಕಾರಣ ಲೆಕ್ಕಕ್ಕೆ ಸೇರಿಸಿಲ್ಲ.

ನಿಮ್ಮ ಊರಿನ ಆಫೀಸಿನಲ್ಲಿ ಟೈಪಿಂಗ್ ಕೆಲಸ ಖಾಲಿ ಇದೆ ಎಂದು ನೀವು ಬರೆದ ಮೊದಲ ಕಾಗದಕ್ಕೆ ನಾನು ಉತ್ತರ ಕೊಡಲಿಲ್ಲ. ಎರಡನೆಯದು ನಿನ್ನೆ ಬಂತು. ಭಾನುವಾರ ಬಂದು ಮಗಳನ್ನು ಕರೆದುಕೊಂಡು ಹೋಗುತ್ತೇನೆ, ಅಳಿಯಂದಿರು ಬೇಕಾದರೆ ಹಿಂದಿನಿಂದ ಬರಲಿ ಎಂದಿದ್ದೀರಿ. ‘ನನ್ನ ಮಗಳು ನಿಮ್ಮ ಅಂಗಡಿಯಲ್ಲಿ ತುಕ್ಕು ಹಿಡಿಯುತ್ತಿದ್ದಾಳೆ’ ಎಂದೂ ಬರೆದಿದ್ದೀರಿ. ನೀವು ಟೀಚರಮ್ಮ, ಪಾಠದ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ. ಆದರೆ ತುಕ್ಕಿನ ವಿಷಯ ನನಗೆ ಬಿಡಿ. ಅದು ಸುಮ್ಮನೆ ಬಿದ್ದಿರುವುದಕ್ಕೆ ಹಿಡಿಯುತ್ತದೆ, ದಿನಾ ಕೈಯಾಡುವುದಕ್ಕೆ ಹಿಡಿಯುವುದಿಲ್ಲ.

ಅವಳು ಈ ಮನೆಗೆ ಬಂದಾಗ ಮಾತೇ ಆಡುತ್ತಿರಲಿಲ್ಲ, ನಿಜ. ಇಬ್ಬರ ಪಾಲಿನದೂ ನಾನೇ ಆಡುತ್ತಿದ್ದೆ. ನಮ್ಮ ಯಜಮಾನರು ಹೋದ ಮೇಲೆ ತಳ್ಳುಗಾಡಿ ಹಿಡಿದು ‘ಖಾಲಿ ಬಾಟ್ಲೀ, ಹಳೇ ಪೇಪರ್’ ಎಂದು ಬೀದಿ ಬೀದಿ ಕೂಗಿ ಬೆಳೆಸಿದ ಬಾಯಿ ಇದು, ಸುಮ್ಮನಿರು ಎಂದರೆ ಇರುತ್ತದೆಯೇ? ಒಂದು ದಿನ ಯಾರದೋ ಮನೆ ಖಾಲಿ ಮಾಡಿದ ಸಾಮಾನು ಬಂತು. ಅದರೊಳಗೊಂದು ಬಿಸ್ಕತ್ ಡಬ್ಬ, ಡಬ್ಬದಲ್ಲೊಂದು ಕಾಗದದ ಪೊಟ್ಟಣ. ಬಿಚ್ಚಿದರೆ ಕರೀ ಸೂಜಿಯಂಥ ಕಸ, ಒಂದೊಂದಕ್ಕೂ ಒಣಹುಲ್ಲಿನ ಬಾಲ. ಕೊಡವಿ ಎಸೆಯಲು ಹೋದೆ. ನಿಮ್ಮ ಮಗಳು ನನ್ನ ಕೈ ಹಿಡಿದುಕೊಂಡಳು. ‘ಅತ್ತೆ, ಅದು ಚೆಂಡು ಹೂವಿನ ಬೀಜ!’

ನನ್ನ ಅಂಗಡಿಗೆ ಬಂದ ಮಾಲಿನಲ್ಲಿ ನನ್ನ ಕಣ್ಣು ತಪ್ಪಿಸಿದ್ದನ್ನು ಇನ್ನೊಬ್ಬರು ಹಿಡಿದದ್ದು ಅದೇ ಮೊದಲು. ಅವತ್ತೇ ಅವಳನ್ನು ಒಂದು ಮೆಟ್ಟಿಲು ಮೇಲೆ ಇಟ್ಟೆ. ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೇ.

ವಾಷ್‌ಬೇಸಿನ್‌ಗೆ ನೀರು ಹೋಗುವ ತೂತು ಹೇಗೂ ಇತ್ತು. ಅದರ ಮೇಲೆ ಹೆಂಚಿನ ಚೂರು ಮುಚ್ಚಿ, ಮಣ್ಣನ್ನು ಹಳೇ ಜರಡಿಯಲ್ಲಿ ಜರಡಿ ಹಿಡಿದು ತುಂಬಿದಳು. ಬೀಜ ಹರಡಿ, ಮೇಲೆ ಮಣ್ಣನ್ನು ಪೌಡರ್ ಹಾಕಿದ ಹಾಗೆ ಉದುರಿಸಿದಳು. ಇಷ್ಟು ಸಾಕಾ, ಇನ್ನೊಂದು ಬೊಗಸೆ ಹಾಕು ಎಂದೆ. ‘ಹೊದಿಕೆ ಸಾಕು ಅತ್ತೆ, ಸಮಾಧಿ ಬೇಡ’ ಎಂದಳು. ಮಾತು ಬರುವುದಿಲ್ಲ ಎಂದುಕೊಂಡಿದ್ದ ಹುಡುಗಿ!

ವಾರ ತುಂಬುವುದರೊಳಗೆ ಬೇಸಿನ್ ತುಂಬ ಹಸಿರು. ನಾನು ಗಿರಾಕಿಗಳನ್ನೆಲ್ಲ ಕರೆದು ತೋರಿಸುತ್ತಿದ್ದರೆ ಇವಳು ಕೂತು ಸಸಿಗಳನ್ನು ಕೀಳುತ್ತಿದ್ದಾಳೆ! ಒತ್ತಾಗಿ ಬಿಟ್ಟರೆ ಯಾವುದೂ ಉದ್ಧಾರ ಆಗುವುದಿಲ್ಲವಂತೆ. ಜೀವ ಇರೋದನ್ನ ಯಾರಾದ್ರೂ ಕಿತ್ತೆಸೀತಾರೇನೇ ಎಂದು ಕೂಗಾಡಿದೆ. ಮುರಿದ ಛತ್ರಿ ಕಡ್ಡಿಯನ್ನೂ ಎಸೆಯದೆ ಬದುಕಿದವಳು ನಾನು. ಅವಳು ಒಳಗೆ ಹೋದ ಮೇಲೆ, ಎಸೆದದ್ದನ್ನೆಲ್ಲ ಹೆಕ್ಕಿ ಪೇಂಟ್ ಡಬ್ಬಗಳಲ್ಲಿ ನೆಟ್ಟು ಗೋದಾಮಿನ ಹಿಂದೆ, ಪೇಪರ್ ಕಟ್ಟುಗಳ ಮೇಲೆ ಸಾಲಾಗಿ ಇಟ್ಟೆ. ದಿನಾ ಕದ್ದು ನೀರು ಹಾಕಿದೆ. ಅವು ಹಳದಿಯಾಗಿ ತಲೆ ಜೋಲು ಹಾಕಿದವು. ಇನ್ನಷ್ಟು ನೀರು ಹಾಕಿದೆ.

ಒಂದು ಬೆಳಿಗ್ಗೆ ನೋಡುತ್ತೇನೆ, ಪೇಪರ್ ಕಟ್ಟು ತೊಪ್ಪೆ! ಪ್ರತಿ ಡಬ್ಬದ ತಳಕ್ಕೂ ಯಾರೋ ಮೊಳೆ ಹೊಡೆದು ತೂತು ಮಾಡಿದ್ದಾರೆ. ಯಾರೋ ಏನು ಬಂತು, ನಿಮ್ಮ ಮಗಳೇ. ಒದ್ದೆ ಪೇಪರ್ ತೂಕ ಜಾಸ್ತಿ ಬರುತ್ತದೆ, ಆದರೆ ಕೊಳ್ಳುವವನು ನನ್ನಷ್ಟೇ ಕಳ್ಳ, ಮುಟ್ಟಿ ನೋಡಿಯೇ ಕೊಳ್ಳುತ್ತಾನೆ. ಅದಿರಲಿ. ಅತ್ತೆಯ ಗುಟ್ಟು ಗೊತ್ತಾದ ಮೇಲೂ ಒಂದು ಮಾತೆತ್ತದೆ, ನಗದೆ, ಗಂಡನ ಹತ್ತಿರವೂ ಆಡಿಕೊಳ್ಳದೆ ಡಬ್ಬಕ್ಕೆ ತೂತು ಹೊಡೆದು ಹೋದಳಲ್ಲ, ಈ ಬುದ್ಧಿಯನ್ನು ನೀವು ಹೇಳಿಕೊಟ್ಟಿದ್ದೋ, ಹುಟ್ಟುತ್ತಲೇ ಬಂದದ್ದೋ? ನನ್ನ ಸಸಿಗಳು ಚೇತರಿಸಿಕೊಂಡವು.

ಆಮೇಲೆ ಮೊಗ್ಗಿನ ಜಗಳ. ಅವಳ ಗಿಡಗಳ ತುದಿಯಲ್ಲಿ ಮೊದಲ ಮೊಗ್ಗು ಕಂಡ ದಿನವೇ ಚಿವುಟಿ ಹಾಕಿದಳು. ಹಳೇ ಸ್ಟೌ ಮಾರಲು ಬಂದಿದ್ದ ಮೇಷ್ಟ್ರ ಎದುರಿಗೇ ನಾನು ಬಾಯಿಗೆ ಬಂದ ಹಾಗೆ ಬೈದೆ. ಅವಳು ಎದ್ದು ನಿಂತು, ‘ತಲೆ ಚಿವುಟದಿದ್ರೆ ಒಂದೇ ಹೂವು ಅತ್ತೆ. ಚಿವುಟಿದ್ರೆ ಮೈತುಂಬಾ ಕೈಕಾಲು ಬರುತ್ತೆ. ಬೇಕಿದ್ರೆ ನೀವು ನಿಮ್ಮ ಡಬ್ಬಗಳನ್ನ ಹಾಗೇ ಬಿಡಿ, ನೋಡೋಣ’ ಎಂದಳು. ಪಂದ್ಯ ಕಟ್ಟಿದೆ. ನನ್ನವು ಮೊದಲು ಅರಳಿದವು. ಕೋಲಿನಂತೆ ಬೆಳೆದು, ತುದಿಯಲ್ಲಿ ಒಂದೊಂದು ಹೂ ಹೊತ್ತು, ಒಂದೇ ಗಾಳಿಗೆ ಅಡ್ಡ ಬಿದ್ದವು. ಅವಳ ಗಿಡಗಳು ಕೊಂಬೆ ಮೇಲೆ ಕೊಂಬೆ ಹೊಡೆದು ಬೇಸಿನ್ ಕಾಣದಂತೆ ಅರಳಿ ನಿಂತವು. ಮೇಷ್ಟ್ರು ಸ್ಟೌ ಇನ್ನೊಂದಿದೆ ಎನ್ನುವ ನೆಪದಲ್ಲಿ ಮತ್ತೆ ಬಂದು, ‘ಏನಮ್ಮಾ, ಸೊಸೆ ಕೈಲಿ ಸೋತ್ರಂತೆ?’ ಎಂದು ಕೇಳಿ ಹೋದರು. ಆ ಸ್ಟೌ ಇವತ್ತಿಗೂ ತಂದಿಲ್ಲ.

ಈಗ ನಮ್ಮ ಅಂಗಳಕ್ಕೆ ಬಂದವರು ತಕ್ಕಡಿ ನೋಡುವುದನ್ನು ಬಿಟ್ಟು ಹೂವು ನೋಡುತ್ತಾರೆ. ತೂಕದಲ್ಲಿ ತಕರಾರು ಕಡಿಮೆಯಾಗಿದೆ ಎಂದರೆ ನೀವು ನಗಬಾರದು. ಬಾಡಿದ ಹೂವನ್ನು ಆಗಾಗ ಕಿತ್ತರೆ ಗಿಡ ಮತ್ತೆ ಮತ್ತೆ ಅರಳುತ್ತದೆ, ಹಾಗೇ ಬಿಟ್ಟರೆ ಬೀಜ ಕಟ್ಟಿ ಸಾಕಪ್ಪಾ ಎಂದು ನಿಂತುಬಿಡುತ್ತದೆ, ಎನ್ನುವುದನ್ನೂ ಅವಳೇ ಹೇಳಿಕೊಟ್ಟಳು. ಇಷ್ಟು ವರ್ಷ ವ್ಯಾಪಾರ ಮಾಡಿದ ನನಗೆ ಈ ಸೂಕ್ಷ್ಮ ಗೊತ್ತಿರಲಿಲ್ಲ.

ನಿಮ್ಮ ಮೊದಲ ಕಾಗದವನ್ನು ನಾನು ಬಚ್ಚಿಡಲಿಲ್ಲ, ಅವಳ ಕೈಗೇ ಕೊಟ್ಟೆ. ಓದಿ ಮಡಚಿ, ‘ಬೀಜ ಆಗ್ಲಿ ಅತ್ತೆ, ಆಮೇಲೆ ಹೇಳ್ತೀನಿ’ ಎಂದಳು. ಬೀಜ ಕಟ್ಟಿಕೊಂಡು ತಾಯಿ ಮನೆಗೆ ಹೊರಡುತ್ತಾಳೆ ಎಂದು ನನಗೂ ಅರ್ಥವಾಯಿತು. ಆದರೆ ಏನು ಮಾಡುವುದು ಹೇಳಿ, ಬೀಜ ಇನ್ನೂ ಕಟ್ಟಿಲ್ಲ. ಹವೆ ಸರಿಯಿಲ್ಲವೋ, ಮಣ್ಣಿನ ಗುಣವೋ, ದೇವರೇ ಬಲ್ಲ. ಆದ್ದರಿಂದ ಈ ಭಾನುವಾರ ದಯವಿಟ್ಟು ಬರಬೇಡಿ. ಬೀಜ ಆದ ದಿನ ನಾನೇ ಬರೆಯುತ್ತೇನೆ.

ಇಂತಿ,
ತುಕ್ಕು ಹಿಡಿಯದ ನಿಮ್ಮ ಬೀಗಿತ್ತಿ

ಮತ್ತೊಂದು ಮಾತು: ಇವತ್ತು ಗುರುವಾರ. ಈ ಕಾಗದ ತಕ್ಕಡಿ ಬಟ್ಟಿನ ಕೆಳಗೇ ಕೂತಿತ್ತು, ಪೋಸ್ಟ್ ಮಾಡಲು ಮನಸ್ಸು ಬಂದಿರಲಿಲ್ಲ. ಯಾಕೆಂದರೆ ಬೀಜ ಕಟ್ಟದಿರುವುದಕ್ಕೆ ಹವೆಯೂ ಕಾರಣವಲ್ಲ, ಮಣ್ಣೂ ಕಾರಣವಲ್ಲ. ನಿಮ್ಮ ಮೊದಲ ಕಾಗದ ಬಂದಾಗಿನಿಂದ, ಅವಳು ಏಳುವ ಮೊದಲೇ ಅಂಗಳಕ್ಕೆ ಹೋಗಿ ಬಾಡಿದ ಹೂವನ್ನೆಲ್ಲ ಕಿತ್ತು ಗೋಣಿಚೀಲಕ್ಕೆ ತುಂಬುತ್ತಿದ್ದೇನೆ. ಬೀಜವೇ ಆಗದಿದ್ದರೆ ಹೊರಡುವುದು ಹೇಗೆ?

ಇವತ್ತು ಬೆಳಿಗ್ಗೆ ಕೈ ಚಾಚಿದೆ. ಒಂದು ಬಾಡಿದ ಹೂವಿನ ತೊಟ್ಟಿಗೆ ಕೆಂಪು ದಾರ ಕಟ್ಟಿತ್ತು. ಹಿಂದೆ ನಿಮ್ಮ ಮಗಳು, ಕೈ ಕಟ್ಟಿಕೊಂಡು ನಿಂತಿದ್ದಳು. ‘ಇದೊಂದನ್ನ ಬಿಡಿ ಅತ್ತೆ. ಡಬ್ಬಕ್ಕೆ ಹಾಕಿ ಗಿಡ ಕೊಡಿ ಅಂತ ಎಷ್ಟು ಜನ ಕೇಳ್ತಿದ್ದಾರೆ. ನೀವು ಹೀಗೇ ಕಿತ್ತು ಹಾಕ್ತಿದ್ರೆ ಮುಂದಿನ ಸಲ ಇಲ್ಲಿ ನಾನೇನು ಬಿತ್ಲಿ?’

ಇಲ್ಲಿ ಎಂದಳು. ನಾನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಹಾಗಿದ್ರೆ ಇಷ್ಟು ದಿನ ಯಾಕೆ ಹೇಳಲಿಲ್ಲವೇ ಎಂದರೆ, ‘ಕೈಯಲ್ಲಿ ಬೀಜ ಇಲ್ಲದೆ ನಿಮ್ಮ ಹತ್ರ ಚೌಕಾಸಿ ಮಾಡೋಕಾಗುತ್ತಾ ಅತ್ತೆ?’ ಎಂದಳು. ಅಲ್ಲೇ ನಿಂತು ಕರಾರು ಹಾಕಿದಳು: ಡಬ್ಬ ನನ್ನದು, ಗಿಡ ಅವಳದು, ಮಾರಿದ್ದರಲ್ಲಿ ಅರ್ಧರ್ಧ. ತಕ್ಕಡಿ ಪಕ್ಕದ ಬಿಸಿಲು, ಮಧ್ಯಾಹ್ನ ನನ್ನ ಮಗ ಗಾಡಿ ನಿಲ್ಲಿಸುವ ಜಾಗ, ಇನ್ನು ದಿನಪೂರ್ತಿ ಅವಳಿಗೆ. ನಾನು ಮೂರಕ್ಕೊಂದು ಪಾಲು ಎಂದು ಎಳೆದಾಡಿದೆ. ಜಗ್ಗಲಿಲ್ಲ. ನನ್ನ ಹತ್ತಿರವೇ ಕಲಿತು ನನ್ನ ಮೇಲೇ ತಿರುಗಿಸಿದಳು. ‘ಅಮ್ಮ ಭಾನುವಾರ ಬರ್ಲಿ, ಟೈಪಿಂಗ್ ಬೇಡ ಅಂತ ನಾನೇ ಹೇಳ್ತೀನಿ’ ಎಂದಿದ್ದಾಳೆ. ಆದ್ದರಿಂದ ಮೇಲೆ ಬರಬೇಡಿ ಎಂದು ಬರೆದದ್ದನ್ನು ಹೊಡೆದು ಹಾಕಿಕೊಳ್ಳಿ. ಬನ್ನಿ.

ಕೊನೆಗೆ ಯಾರಿಗೆ ಏನು ಸಿಕ್ಕಿತು ಎಂದರೆ: ನನ್ನ ಮಗನಿಗೆ, ಗಾಡಿ ನಿಲ್ಲಿಸಲು ಬೀದಿ. ಮೇಷ್ಟ್ರಿಗೆ, ನಗಲು ಒಂದು ಕಥೆ. ನಿಮ್ಮ ಮಗಳಿಗೆ, ಬಿಸಿಲು ಮತ್ತು ಅರ್ಧ ಪಾಲು. ನಿಮಗೆ, ಡಬ್ಬಕ್ಕೆ ಹಾಕಿದ ಅವಳ ಹೂ ಬಿಟ್ಟ ಗಿಡ ಒಂದು, ಹಿಂದಿರುಗುವಾಗ ತೆಗೆದುಕೊಂಡು ಹೋಗಿ. ನನಗೆ, ಎದುರು ಮಾತಾಡುವ ಸೊಸೆ.